ಕಾಂತ ಹುಟ್ಟುವುದು ಗಣಿಯಲ್ಲಲ್ಲ, ಗರಡಿಯಲ್ಲಿ

ತೆಲಂಗಾಣದ ತಾಂಡೂರಿಗೆ ಹತ್ತಿರದ ಕರಣಕೋಟವನ್ನು ಹೊರಗಿನವರು ಗುರುತಿಸುವುದು ಸಿಮೆಂಟಿನಿಂದ. ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ತಾಂಡೂರು ಕಾರ್ಖಾನೆ ಇರುವುದು ಈ ಊರಲ್ಲಿ. 1987ರಲ್ಲಿ ಶುರುವಾದ ಈ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 10 ಲಕ್ಷ ಟನ್. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೂ ತಾಂಡೂರು ತಾಲ್ಲೂಕು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು. ಆ ವರ್ಷ ನವೆಂಬರ್ 1ಕ್ಕೆ ಗಡಿ ಬದಲಾಯಿತು. ನೆಲದಡಿಯ ಸುಣ್ಣಕಲ್ಲು ಮಾತ್ರ ಯಾವ ಗಡಿಯನ್ನೂ ಲೆಕ್ಕಿಸದೆ ಸೇಡಂ, ಚಿತ್ತಾಪುರ, ಶಹಾಬಾದಿನವರೆಗೆ ಹಾಸಿಕೊಂಡಿದೆ. ಮಾತೂ ಹಾಗೆಯೇ: ಒಂದೇ ಮನೆಯಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಕೇಳುವ ಸೀಮೆ ಇದು.

ಸಿಮೆಂಟ್ ಕಾರ್ಖಾನೆ ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಚಿಮಣಿ, ಧೂಳು, ಲಾರಿಗಳ ಸಾಲು. ಒಳಗೆ ದುಡಿಯುವ ಎಲೆಕ್ಟ್ರಿಷಿಯನ್‌ಗೆ ಅದು ಮೋಟಾರುಗಳ ಊರು. ಕಲ್ಲು ಒಡೆಯುವ ಕ್ರಷರ್, ಅರೆಯುವ ಮಿಲ್ಲು, 1,450 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಧಾನಕ್ಕೆ ಉರುಳುವ ಕಿಲ್ನ್, ಗಾಳಿ ಎಳೆಯುವ ಫ್ಯಾನು, ಕಲ್ಲು ಹೊರುವ ಕನ್ವೇಯರ್ ಬೆಲ್ಟು, ಎಲ್ಲದರ ಬೆನ್ನಿಗೂ ಒಂದೊಂದು ಮೋಟಾರು. ನಮ್ಮ ದೇಶದ ಕಾರ್ಖಾನೆಗಳಲ್ಲಿ ಒಂದು ಟನ್ ಸಿಮೆಂಟಿಗೆ ಸುಮಾರು 70ರಿಂದ 90 ಯೂನಿಟ್ ವಿದ್ಯುತ್ ಬೇಕು, ಅದರಲ್ಲಿ ಬಹುಪಾಲು ಮೋಟಾರುಗಳಿಗೇ ಹೋಗುತ್ತದೆ. ಟನ್ನಿಗೆ 80 ಯೂನಿಟ್ ಎಂದು ಹಿಡಿದರೂ 10 ಲಕ್ಷ ಟನ್ನಿಗೆ 8 ಕೋಟಿ ಯೂನಿಟ್ ಆಯಿತು. ನೂರಕ್ಕೆ ಒಂದು ಪಾಲು ಉಳಿಸಿದರೆ 8 ಲಕ್ಷ ಯೂನಿಟ್.

ಆ ಒಂದು ಪರ್ಸೆಂಟಿಗಾಗಿ ಇಡೀ ಜೀವಮಾನ ಕೊಡುವ ಮಂದಿ ಇದ್ದಾರೆ. ವಿದ್ಯುತ್ ಯಂತ್ರಗಳ, ಕಾಂತೀಯ ವಸ್ತುಗಳ ಸಂಶೋಧಕರು ಎಂದು ಅವರ ಹೆಸರಿನ ಕೆಳಗೆ ಬರೆದಿರುತ್ತದೆ. ಪತ್ರಿಕೆಯ ಮುಖಪುಟಕ್ಕೆ ಅವರು ಬರುವುದು ಕಡಿಮೆ. ಜಗತ್ತಿನಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಹೆಚ್ಚೂಕಡಿಮೆ ಅರ್ಧದಷ್ಟು ಮೋಟಾರುಗಳ ಮೂಲಕವೇ ಖರ್ಚಾಗುತ್ತದೆ ಎಂಬುದನ್ನು ನೆನೆದರೆ ಅವರ ಕೆಲಸದ ತೂಕ ತಿಳಿಯುತ್ತದೆ. ಈಚೆಗೆ ಚೀನಾ ಅಯಸ್ಕಾಂತದ ರಫ್ತಿಗೆ ಬಿಗಿ ಹಾಕಿದಾಗ ಆ ತೂಕ ನಮಗೆ ನೋವಿನಿಂದಲೇ ತಿಳಿಯಿತು.

ಒಬ್ಬನದೇ ಎರಡು ಉಕ್ಕು

ಸುಣ್ಣಕಲ್ಲಿನ ಕಾರ್ಖಾನೆಗಳಲ್ಲಿ ಕನ್ವೇಯರ್ ಬೆಲ್ಟಿನ ಮೇಲೆ ಒಂದು ದೊಡ್ಡ ಮ್ಯಾಗ್ನೆಟ್ ತೂಗುಹಾಕಿರುತ್ತಾರೆ. ಗಣಿಯಲ್ಲಿ ಕಲ್ಲು ಬಾಚುವ ಯಂತ್ರದ ಬೋಲ್ಟೋ, ಕಬ್ಬಿಣದ ಚೂರೋ ಕಲ್ಲಿನ ಜೊತೆ ಬಂದರೆ ಅದನ್ನು ಮೇಲಕ್ಕೆಳೆದುಕೊಳ್ಳುವುದು ಅದರ ಕೆಲಸ. ಆ ಚೂರು ಮಿಲ್ಲಿನೊಳಗೆ ಹೋದರೆ ಲಕ್ಷಗಟ್ಟಲೆ ನಷ್ಟ. ಇಷ್ಟೆಲ್ಲ ಮಾಡಿಯೂ ಒಂದು ಬಗೆಯ ಉಕ್ಕು ಆ ಮ್ಯಾಗ್ನೆಟ್ಟಿನ ಕಣ್ಣು ತಪ್ಪಿಸುತ್ತದೆ. ಬಾಚುವ ಬಕೆಟ್ಟಿನ ಹಲ್ಲು, ಕ್ರಷರಿನ ಸುತ್ತಿಗೆಗಳನ್ನು ಹೆಚ್ಚಾಗಿ ಮ್ಯಾಂಗನೀಸ್ ಉಕ್ಕಿನಿಂದ ಎರಕ ಹೊಯ್ದಿರುತ್ತಾರೆ. ಏಟು ಬಿದ್ದಷ್ಟೂ ಗಟ್ಟಿಯಾಗುವ ಈ ಉಕ್ಕಿಗೆ ಅಯಸ್ಕಾಂತ ಅಂಟುವುದೇ ಇಲ್ಲ. ಹಾಗಾಗಿ ಮ್ಯಾಗ್ನೆಟ್ಟಿನ ಜೊತೆಗೆ ಮೆಟಲ್ ಡಿಟೆಕ್ಟರನ್ನೂ ಇಡಬೇಕಾಗುತ್ತದೆ.

ಈ ಉಕ್ಕನ್ನು 1882ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್. ಆಗ ಅವನಿಗೆ ಇನ್ನೂ 25 ತುಂಬಿರಲಿಲ್ಲ. ಕಬ್ಬಿಣಕ್ಕೆ ನೂರಕ್ಕೆ ಹನ್ನೆರಡು–ಹದಿಮೂರು ಪಾಲು ಮ್ಯಾಂಗನೀಸ್ ಬೆರೆಸಿದಾಗ ಅದರ ಕಾಂತಗುಣವೇ ಅಳಿಸಿಹೋಯಿತು. ಅವನೇ ಮುಂದೆ ಬೇರೆ ಬೇರೆ ಧಾತುಗಳನ್ನು ಬೆರೆಸಿ ನೋಡುತ್ತ ಹೋದ. ಆ ಮಾದರಿಗಳ ಕಾಂತಗುಣವನ್ನು ಬ್ಯಾರೆಟ್, ಬ್ರೌನ್ ಎಂಬ ವಿಜ್ಞಾನಿಗಳು ಅಳೆದರು. ಸುಮಾರು 1900ರ ಹೊತ್ತಿಗೆ ಹೊರಬಂದ ಫಲಿತಾಂಶ ಇದು: ಕಬ್ಬಿಣಕ್ಕೆ ನೂರಕ್ಕೆ ಎರಡು–ಮೂರು ಪಾಲು ಸಿಲಿಕಾನ್ ಸೇರಿಸಿದರೆ ಅದು ಅಯಸ್ಕಾಂತಕ್ಕೆ ಹಿಂದೆಂದಿಗಿಂತ ಸುಲಭವಾಗಿ ಮಣಿಯುತ್ತದೆ, ಬಿಸಿಯಾಗುವುದೂ ಕಡಿಮೆ. ಇಂದು ಜಗತ್ತಿನ ಬಹುತೇಕ ಎಲ್ಲ ಟ್ರಾನ್ಸ್‌ಫಾರ್ಮರಿನ, ದೊಡ್ಡ ಮೋಟಾರಿನ ಹೊಟ್ಟೆಯಲ್ಲಿರುವುದು ಈ ಸಿಲಿಕಾನ್ ಉಕ್ಕು. ಒಂದೇ ಕಾರ್ಖಾನೆಯಲ್ಲಿ ಕ್ರಷರಿನ ಸುತ್ತಿಗೆಗೆ ಹ್ಯಾಡ್‌ಫೀಲ್ಡನ ಒಂದು ಉಕ್ಕು, ಆ ಸುತ್ತಿಗೆಯನ್ನು ತಿರುಗಿಸುವ ಮೋಟಾರಿಗೆ ಅವನದೇ ಇನ್ನೊಂದು ಉಕ್ಕು. ಎರಡೂ ಕಬ್ಬಿಣವೇ. ಬೆರಕೆ ಬೇರೆಯಾದ್ದರಿಂದ ಗುಣ ಒಂದಕ್ಕೊಂದು ತದ್ವಿರುದ್ಧ.

ಸುಟ್ಟ ಮೋಟಾರು ಹೇಳುವುದೇನು

ತಾಂಡೂರು ಕಲ್ಲಿನ ಹಾಸು ಕತ್ತರಿಸಿ ಪಾಲಿಶ್ ಮಾಡುವ ಘಟಕಗಳಿರುವ ಕಡೆ ವೈಂಡಿಂಗ್ ಅಂಗಡಿಗಳೂ ಇರಲೇಬೇಕು. ವೋಲ್ಟೇಜ್ ಬಿದ್ದರೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಮೂರರಲ್ಲಿ ಒಂದು ಫೇಸ್ ಹೋದರೆ ಉಳಿದೆರಡರ ಮೇಲೆ ಹೊರೆ ಬಿದ್ದು ಕಾಯಿಲ್ ಕಪ್ಪಾಗುತ್ತದೆ. ಆಮೇಲಿನ ಮಾತುಕತೆ ಈ ಸೀಮೆಯ ಯಾವ ಅಂಗಡಿಯಲ್ಲಾದರೂ ಕೇಳಬಹುದಾದದ್ದು. “ಹ್ವಾದ ವರ್ಷನೇ ವೈಂಡಿಂಗ್ ಮಾಡಿಸೀನಲ್ಲಪಾ, ಮತ್ತ ಸುಟ್ಟದ ನೋಡು.” “ನಾ ಛಲೋನೇ ಕಟ್ಟೀನಿ ಮಾಮಾ, ಲೈಟ್ ಬರೋಬರಿ ಇಲ್ಲಂದ್ರ ನಾ ಏನ್ ಮಾಡ್ಲಿ?”

ಇಬ್ಬರ ಮಾತೂ ಸುಳ್ಳಲ್ಲ. ಮೂರನೆಯ ಕಾರಣವೊಂದು ಇರಬಹುದು, ಅದು ಇಬ್ಬರಿಗೂ ಕಾಣುವುದಿಲ್ಲ. ಸುಟ್ಟ ಕಾಯಿಲಿನ ವಾರ್ನಿಷ್ ಗಟ್ಟಿಯಾಗಿ ಹಿಡಿದಿರುತ್ತದೆ. ತಾಮ್ರ ಸಲೀಸಾಗಿ ಕಿತ್ತು ಬರಲೆಂದು ಮೋಟಾರಿನ ತಿರುಗದ ಭಾಗವಾದ ಸ್ಟೇಟರನ್ನು ಬೆಂಕಿಗೆ ಹಿಡಿಯುವ ರೂಢಿ ಹಲವು ಕಡೆ ಇದೆ. ಸ್ಟೇಟರಿನ ಕೋರ್ ನೋಡಲು ಒಂದೇ ಗಟ್ಟಿ ಉಕ್ಕಿನಂತೆ ಕಂಡರೂ ಅದು ಅರ್ಧ ಮಿಲಿಮೀಟರ್ ದಪ್ಪದ ನೂರಾರು ತಗಡುಗಳ ಕಟ್ಟು. ಅಂಗಡಿಯವರು ಇದನ್ನು ಸ್ಟಾಂಪಿಂಗ್ ಎನ್ನುತ್ತಾರೆ. ಪ್ರತಿ ತಗಡಿನ ಮೇಲೂ ಕೂದಲಿಗಿಂತ ತೆಳುವಾದ ನಿರೋಧಕ ಲೇಪ ಇರುತ್ತದೆ. ಹದ ತಪ್ಪಿದ ಬೆಂಕಿಗೆ ಆ ಲೇಪ ಸುಟ್ಟುಹೋದರೆ ತಗಡಿಗೆ ತಗಡು ತಾಗುತ್ತದೆ. ಹೊಸ ತಾಮ್ರ ಹಾಕಿ, ಬಣ್ಣ ಬಳಿದು ಕೊಟ್ಟ ಮೋಟಾರು ತಿರುಗುತ್ತದೇನೋ ನಿಜ. ಮೊದಲಿಗಿಂತ ಬೇಗ ಕಾಯುತ್ತದೆ, ಹೆಚ್ಚು ಯೂನಿಟ್ ತಿನ್ನುತ್ತದೆ. ಶಾಖವನ್ನು ಹತೋಟಿಯಲ್ಲಿಟ್ಟ ಒಲೆಯಲ್ಲಿ ಸುಟ್ಟು, ಮೊದಲಿನಷ್ಟೇ ತಾಮ್ರ ಹಾಕಿ ಕಟ್ಟಿದರೆ ದಕ್ಷತೆ ಹೆಚ್ಚು ಕಮ್ಮಿ ಹಾಗೇ ಉಳಿಯುತ್ತದೆ ಎಂಬುದೂ ಪರೀಕ್ಷೆಯಿಂದ ಸಾಬೀತಾಗಿದೆ.

ತಗಡನ್ನು ಹೀಗೆ ಬಿಡಿಬಿಡಿಯಾಗಿ ಇಡುವುದೇಕೆ? ಮೋಟಾರಿನೊಳಗಿನ ಕಾಂತಕ್ಷೇತ್ರ ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುತ್ತದೆ. ಬದಲಾಗುವ ಕಾಂತಕ್ಷೇತ್ರ ತಾಮ್ರದಲ್ಲಿ ಹೇಗೋ ಹಾಗೆ ಕಬ್ಬಿಣದಲ್ಲೂ ಕರೆಂಟ್ ಹುಟ್ಟಿಸುತ್ತದೆ. ಈ ಸುಳಿ ಪ್ರವಾಹದಿಂದ ಯಾವ ಕೆಲಸವೂ ಆಗದು, ಬರೀ ಬಿಸಿ. ತಗಡು ತೆಳುವಾದಷ್ಟೂ ಸುಳಿಗೆ ಜಾಗ ಕಮ್ಮಿ: ನಷ್ಟ ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 0.50 ಮಿಲಿಮೀಟರ್ ತಗಡಿನ ಬದಲು 0.35ರದು ಹಾಕಿದರೆ ಸುಳಿ ನಷ್ಟ ಅರ್ಧಕ್ಕೆ ಬರುತ್ತದೆ. ಸಿಲಿಕಾನಿನ ಕೆಲಸವೂ ಇಲ್ಲೇ. ಅದು ಕಬ್ಬಿಣದ ವಿದ್ಯುತ್ ನಿರೋಧವನ್ನು ನಾಲ್ಕೈದು ಪಟ್ಟು ಏರಿಸುತ್ತದೆ. ಹಾಗೆಂದು ಹೆಚ್ಚು ಹಾಕುವಂತಿಲ್ಲ. ನೂರಕ್ಕೆ ಮೂರೂವರೆ ಪಾಲು ದಾಟಿತೆಂದರೆ ಉಕ್ಕು ಪೆಡಸಾಗಿ ರೋಲಿಂಗ್ ಮಿಲ್ಲಿನಲ್ಲಿ ಬಿರಿಯತೊಡಗುತ್ತದೆ.

ಇನ್ನೊಂದು ನಷ್ಟವಿದೆ. ಕಬ್ಬಿಣದೊಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕಾಂತವಲಯಗಳಿವೆ ಎಂದು 1907ರಲ್ಲಿ ಪಿಯರೆ ವೈಸ್ ವಾದಿಸಿದ, ಅದು ನಿಜವಾಯಿತು. ಹೊರಗಿನ ಕ್ಷೇತ್ರ ತಿರುಗಿದಂತೆ ಈ ವಲಯಗಳು ತಾವೂ ತಿರುಗಬೇಕು. ಆದರೆ ಲೋಹದೊಳಗಿನ ಕಲ್ಮಶ, ಕಣಗಳ ಅಂಚು, ಒತ್ತಡ ಅವನ್ನು ಹಿಡಿದು ನಿಲ್ಲಿಸುತ್ತವೆ. ತಡವಾಗಿ, ತಿಣುಕುತ್ತ ತಿರುಗುವಾಗ ಶಕ್ತಿ ಬಿಸಿಯಾಗಿ ಸೋರುತ್ತದೆ. ಬಿ.ಇ. ಓದಿದವರಿಗೆಲ್ಲ ಗೊತ್ತಿರುವ ಹಿಸ್ಟರಿಸಿಸ್ ಇದು. ಮೋಟಾರಿನಲ್ಲಿ ಇದು ಬೇಡ. ಅಯಸ್ಕಾಂತದಲ್ಲಿ ಇದೇ ಬೇಕು: ಒಮ್ಮೆ ಹಿಡಿದ ದಿಕ್ಕನ್ನು ಏನೇ ಆದರೂ ಬಿಡದ ಹಟಮಾರಿ ಲೋಹವೇ ಶಾಶ್ವತ ಅಯಸ್ಕಾಂತ. ಒಂದೇ ಗುಣವನ್ನು ಒಂದು ಕಡೆ ಇಳಿಸಬೇಕು, ಇನ್ನೊಂದು ಕಡೆ ಏರಿಸಬೇಕು. ಈ ಕ್ಷೇತ್ರದ ಸಂಶೋಧನೆ ಈ ಎರಡು ತುದಿಗಳ ನಡುವೆ ಓಡಾಡುತ್ತದೆ.

ಯಂತ್ರವನ್ನೂ ಲೋಹವನ್ನೂ ಬಲ್ಲವರು

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೆಷಿನ್ಸ್ ಲ್ಯಾಬಿನಲ್ಲಿ ಹಾಪ್ಕಿನ್ಸನ್ ಟೆಸ್ಟ್ ಮಾಡದೆ ಹೊರಬಂದ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು ಕಮ್ಮಿ. ಎರಡು ಡಿಸಿ ಯಂತ್ರಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ, ಒಂದು ಮೋಟಾರಾಗಿ ಇನ್ನೊಂದನ್ನು ತಿರುಗಿಸಿ, ಬರೀ ನಷ್ಟದ ಪಾಲನ್ನು ಮಾತ್ರ ಹೊರಗಿನಿಂದ ಪಡೆದು ಅಳೆಯುವ ಜಾಣ ವಿಧಾನವದು. ಅದನ್ನು ಕೊಟ್ಟ ಜಾನ್ ಹಾಪ್ಕಿನ್ಸನ್ 1880ರ ದಶಕದಲ್ಲಿ ಕಬ್ಬಿಣದ ಕಾಂತಗುಣದ ಮೇಲೂ ಡೈನಮೊದ ವಿನ್ಯಾಸದ ಮೇಲೂ ಬರೆದ. ಕಬ್ಬಿಣವನ್ನು ಅಳೆದಿದ್ದರಿಂದಲೇ ಅವನಿಗೆ ಯಂತ್ರದ ಲೆಕ್ಕ ಸಿಕ್ಕಿತು.

ಚಾರ್ಲ್ಸ್ ಸ್ಟೈನ್‌ಮೆಟ್ಸ್‌ನದು ಇನ್ನೂ ಸೋಜಿಗದ ಕಥೆ. ಈಗ ಪೋಲೆಂಡಿಗೆ ಸೇರಿದ ಬ್ರೆಸ್ಲಾವ್‌ನಲ್ಲಿ 1865ರಲ್ಲಿ ಹುಟ್ಟಿದ ಗೂನು ಬೆನ್ನಿನ ಈ ಹುಡುಗ ಸಮಾಜವಾದಿ ಬರಹಗಳಿಂದಾಗಿ ಪೊಲೀಸರ ಕಣ್ಣಿಗೆ ಬಿದ್ದು ಊರು ಬಿಟ್ಟ. 1889ರಲ್ಲಿ ಅಮೆರಿಕ ಸೇರಿ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ನಿಂತ. ಆಗ ಮೋಟಾರು ತಯಾರಿಸುವವರಿಗೆ ಕೋರ್ ಎಷ್ಟು ಬಿಸಿಯಾಗುತ್ತದೆ ಎಂಬುದು ಮಾಡಿ ಮುಗಿಸಿದ ಮೇಲಷ್ಟೇ ಗೊತ್ತಾಗುತ್ತಿತ್ತು. 1892ರಲ್ಲಿ ಸ್ಟೈನ್‌ಮೆಟ್ಸ್ ಒಂದು ಸೂತ್ರ ಕೊಟ್ಟ: ಹಿಸ್ಟರಿಸಿಸ್ ನಷ್ಟ ಕಾಂತಸಾಂದ್ರತೆಯ 1.6ನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದಿನಿಂದ ನಷ್ಟವನ್ನು ಕಾಗದದ ಮೇಲೆ ಮೊದಲೇ ಲೆಕ್ಕ ಹಾಕುವುದು ಸಾಧ್ಯವಾಯಿತು. ಮುಂದೆ ಅವನು ಜನರಲ್ ಎಲೆಕ್ಟ್ರಿಕ್ ಕಂಪನಿಯ ದೊಡ್ಡ ತಲೆಯಾದ, ಷೆನೆಕ್ಟಡಿಯ ಯೂನಿಯನ್ ಕಾಲೇಜಿನಲ್ಲಿ ಪ್ರಾಧ್ಯಾಪಕನೂ ಆದ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ಜನರೇಟರುಗಳು ಅದೇ ಜನರಲ್ ಎಲೆಕ್ಟ್ರಿಕ್‌ನಿಂದ ಬಂದವು.

ಟೋಕಿಯೊದಿಂದ ಸೆಂಡೈಗೆ

ಒಬ್ಬ ಮೇಷ್ಟ್ರ ಕೆಲಸ ನೂರು ವರ್ಷದಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಬೇಕಾದರೆ ಜಪಾನಿನ ಕಡೆ ತಿರುಗಬೇಕು. ಹಿಸ್ಟರಿಸಿಸ್ ಎಂಬ ಹೆಸರಿಟ್ಟ ಸ್ಕಾಟ್ಲೆಂಡಿನ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ ಆ ಅಧ್ಯಯನ ಶುರು ಮಾಡಿದ್ದು ಟೋಕಿಯೊದಲ್ಲಿ. 1878ರಿಂದ 1883ರವರೆಗೆ ಅವನು ಅಲ್ಲಿ ಪಾಠ ಹೇಳಿದ. ಅವನ ಜಾಗಕ್ಕೆ ಬಂದ ಕಾರ್ಗಿಲ್ ನಾಟ್ ಎಂಬುವವನೂ ಕಾಂತ ಸಂಶೋಧನೆಯನ್ನೇ ಮುಂದುವರಿಸಿದ. ನಾಟ್‌ನ ಕೈಕೆಳಗೆ ಪಳಗಿದವನು ಹಂಟಾರೊ ನಾಗಾವೊಕಾ. ನಾಗಾವೊಕಾನ ಶಿಷ್ಯ ಕೊಟಾರೊ ಹೊಂಡಾ.

ಹೊಂಡಾ 1911ರಲ್ಲಿ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಮೊದಲ ಮಹಾಯುದ್ಧ ಬಂತು, ಯುರೋಪಿನಿಂದ ಬರುತ್ತಿದ್ದ ಅಯಸ್ಕಾಂತದ ಉಕ್ಕು ನಿಂತಿತು. ಸುಮಿತೊಮೊ ಎಂಬ ಉದ್ಯಮಿ ಮನೆತನ ಸಂಶೋಧನೆಗೆ ದುಡ್ಡು ಕೊಟ್ಟಿತು. 1917ರಲ್ಲಿ ಹೊಂಡಾ ಕೋಬಾಲ್ಟ್, ಟಂಗ್‌ಸ್ಟನ್, ಕ್ರೋಮಿಯಂ ಬೆರೆಸಿದ ಕೆಎಸ್ ಉಕ್ಕನ್ನು ಹೊರತಂದ. ಹಿಂದಿನ ಅಯಸ್ಕಾಂತಗಳಿಗಿಂತ ಅದರ ಹಿಡಿತ ಸುಮಾರು ಮೂರು ಪಟ್ಟು ಹೆಚ್ಚು. ಹೊಂಡಾ ಅಷ್ಟಕ್ಕೇ ನಿಲ್ಲದೆ ಲೋಹಗಳ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿದ. 1930ರಲ್ಲಿ ಟೋಕಿಯೊದ ಕಾಟೊ ಮತ್ತು ಟಕೆಯಿ ಫೆರೈಟ್ ಎಂಬ ಕಾಂತೀಯ ವಸ್ತುವನ್ನು ಕಂಡುಹಿಡಿದರು. ಅದನ್ನು ಮಾರುಕಟ್ಟೆಗೆ ತರಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು. 1931ರಲ್ಲಿ ಮಿಶಿಮಾ ಎಂಬ ಪ್ರಾಧ್ಯಾಪಕ ಆಲ್ನಿಕೊ ಅಯಸ್ಕಾಂತಗಳಿಗೆ ದಾರಿ ತೆರೆದ.

ಇದೇ ತೊಹೊಕುವಿನಲ್ಲಿ ಡಾಕ್ಟರೇಟ್ ಮುಗಿಸಿದವನು ಮಸಾಟೊ ಸಗಾವಾ. ಫುಜಿತ್ಸು ಕಂಪನಿಯಲ್ಲಿದ್ದಾಗ ಅವನಿಗೆ ಒಂದು ಯೋಚನೆ ಹೊಳೆಯಿತು: ಆಗ ಬಲಿಷ್ಠವಾಗಿದ್ದ ಸಮೇರಿಯಂ–ಕೋಬಾಲ್ಟ್ ಅಯಸ್ಕಾಂತದ ದುಬಾರಿ ಕೋಬಾಲ್ಟಿನ ಬದಲು ಅಗ್ಗದ ಕಬ್ಬಿಣವನ್ನೇ ಬಳಸಿದರೇನು? ಕಬ್ಬಿಣದ ಪರಮಾಣುಗಳ ನಡುವಿನ ಅಂತರ ತುಸು ಹಿಗ್ಗಿದರೆ ಕೆಲಸವಾದೀತು, ಅದಕ್ಕೆ ಬೋರಾನಿನಂಥ ಸಣ್ಣ ಪರಮಾಣು ಸೇರಿಸಬೇಕು ಎಂಬುದು ಅವನ ಎಣಿಕೆ. 1982ರಲ್ಲಿ ಫುಜಿತ್ಸು ಬಿಟ್ಟು ಸುಮಿತೊಮೊ ಸ್ಪೆಷಲ್ ಮೆಟಲ್ಸ್ ಸೇರಿದ. ಅದೇ ವರ್ಷ ನಿಯೊಡೈಮಿಯಂ–ಕಬ್ಬಿಣ–ಬೋರಾನ್ ಅಯಸ್ಕಾಂತ ಕೈಗೆ ಬಂತು. ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಜಾನ್ ಕ್ರೊವಾಟ್ ಕೂಡ ಬೇರೆ ದಾರಿಯಿಂದ ಅಲ್ಲಿಗೇ ತಲುಪಿದ್ದ. ಎಲೆಕ್ಟ್ರಿಕ್ ಸ್ಕೂಟರು, ಗಾಳಿಯಂತ್ರ, ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಎಲ್ಲದರೊಳಗೂ ಈ ಅಯಸ್ಕಾಂತ ಹೊಕ್ಕಿತು. 2022ರಲ್ಲಿ ಸಗಾವಾಗೆ ಕ್ವೀನ್ ಎಲಿಜಬೆತ್ ಎಂಜಿನಿಯರಿಂಗ್ ಪ್ರಶಸ್ತಿ ಬಂತು.

ಗಮನಿಸಿ: ಜಪಾನಿನ ನೆಲದಲ್ಲಿ ನಿಯೊಡೈಮಿಯಂ ಗಣಿ ಇಲ್ಲ. ಇದ್ದದ್ದು ಯೂಯಿಂಗ್‌ನಿಂದ ಸಗಾವಾವರೆಗೆ ಕಡಿಯದೆ ಬಂದ ಗರಡಿ ಮಾತ್ರ.

ನಮ್ಮ 1911

ಹೊಂಡಾ ಸೆಂಡೈ ಸೇರಿದ ಅದೇ 1911ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತರಗತಿ ಶುರುವಾದವು. ಮೊದಲ ವಿಭಾಗಗಳಲ್ಲಿ ಎಲೆಕ್ಟ್ರಿಕಲ್ ಟೆಕ್ನಾಲಜಿಯೂ ಒಂದು. ಅದರ ಮೊದಲ ಪ್ರಾಧ್ಯಾಪಕ ಆಲ್ಫ್ರೆಡ್ ಹೇ. ಬಿತ್ತನೆ ತಡವಾಗಲಿಲ್ಲ ಎಂದೇ ಹೇಳಬೇಕು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಸಿಲಿಕಾನ್ ಉಕ್ಕಿಗೆ ಬೇಕಾದ ಫೆರೋಸಿಲಿಕಾನನ್ನೂ ಮುಂದೆ ಅಲ್ಲಿ ತಯಾರಿಸಿದರು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬೆಂಗಳೂರಿನಲ್ಲಿ ಮೋಟಾರು ಮಾಡತೊಡಗಿತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಜರ್ಮನಿಯ ಎಇಜಿಯ ಸಹಯೋಗದಲ್ಲಿ ಮೋಟಾರು, ಟ್ರಾನ್ಸ್‌ಫಾರ್ಮರು ತಯಾರಿಸಿತು. 1889ರಲ್ಲಿ ಮೂರು ಫೇಸಿನ ಕೇಜ್ ಮೋಟಾರನ್ನು ರೂಪಿಸಿದ ಡೊಲಿವೊ–ಡೊಬ್ರೊವೋಲ್ಸ್ಕಿ ದುಡಿದದ್ದು ಈ ಎಇಜಿಯಲ್ಲಿ. 1960ರಲ್ಲಿ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಬೆಂಗಳೂರಿಗೆ ಬಂತು.

ಬೆಳೆಯೂ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಮುಗಿಸಿದ ಕೌಶಿಕ ರಾಜಶೇಖರ ಅಮೆರಿಕಕ್ಕೆ ಹೋಗಿ ಜನರಲ್ ಮೋಟಾರ್ಸ್‌ನ ಇವಿ1 ಕಾರಿನ ಇನ್ವರ್ಟರ್ ಅಭಿವೃದ್ಧಿಯಲ್ಲಿ ಮುಂದಾಳಾಗಿದ್ದರು. 1996ರಲ್ಲಿ ರಸ್ತೆಗಿಳಿದ ಆ ಎಲೆಕ್ಟ್ರಿಕ್ ಕಾರಿನಲ್ಲಿ ಇದ್ದದ್ದು ಅಯಸ್ಕಾಂತವಿಲ್ಲದ ಇಂಡಕ್ಷನ್ ಮೋಟಾರು. ರೋಲ್ಸ್ ರಾಯ್ಸ್‌ನಲ್ಲಿ ದುಡಿದು, ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕ್ಯಾಂಪಸ್ಸಿನಲ್ಲಿ, ಆಮೇಲೆ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಧ್ಯಾಪಕರಾದರು. 2022ರಲ್ಲಿ ಗ್ಲೋಬಲ್ ಎನರ್ಜಿ ಪ್ರಶಸ್ತಿ ಪಡೆದ ಮೂವರಲ್ಲಿ ಅವರೂ ಒಬ್ಬರು. ಬೆಂಗಳೂರಿನಲ್ಲೇ 1994ರಲ್ಲಿ ಹುಟ್ಟಿದ ರೇವಾ ಕಂಪನಿ 2001ರಲ್ಲಿ ಪುಟ್ಟ ಎಲೆಕ್ಟ್ರಿಕ್ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು; 2010ರಲ್ಲಿ ಅದು ಮಹೀಂದ್ರಾ ಪಾಲಾಯಿತು. ಅದೇ ಮಹೀಂದ್ರಾದ ಜಹೀರಾಬಾದ್ ಕಾರ್ಖಾನೆಯಿಂದ ಇಂದು ಟ್ರ್ಯಾಕ್ಟರುಗಳ ಜೊತೆ ಎಲೆಕ್ಟ್ರಿಕ್ ತ್ರಿಚಕ್ರ ವಾಹನಗಳೂ ಹೊರಬರುತ್ತಿವೆ.

ಅಂದರೆ ಯಂತ್ರ ಕಟ್ಟುವುದನ್ನು, ಅದನ್ನು ನಡೆಸುವ ಎಲೆಕ್ಟ್ರಾನಿಕ್ಸನ್ನು ನಾವು ಕಲಿತೆವು. ಹಿಂದೆ ಬಿದ್ದದ್ದು ಲೋಹದಲ್ಲಿ. ಟ್ರಾನ್ಸ್‌ಫಾರ್ಮರಿಗೆ ಬೇಕಾದ ಉತ್ತಮ ದರ್ಜೆಯ ಸಿಲಿಕಾನ್ ಉಕ್ಕನ್ನು, ವ್ಯಾಪಾರದ ಮಾತಿನಲ್ಲಿ ಸಿಆರ್‌ಜಿಒ ಎನ್ನುವುದನ್ನು, ದೇಶ ಇಂದಿಗೂ ಬಹುಪಾಲು ಹೊರಗಿನಿಂದ ತರಿಸುತ್ತಿದೆ. 1934ರಲ್ಲಿ ನಾರ್ಮನ್ ಗಾಸ್ ಪೇಟೆಂಟ್ ಪಡೆದ ಈ ಉಕ್ಕಿನಲ್ಲಿ ಕಣಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ಅದನ್ನು ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ತಯಾರಿಸಲು ಜೆಎಸ್‌ಡಬ್ಲ್ಯೂ ಕಂಪನಿ ಜಪಾನಿನ ಜೆಎಫ್‌ಇ ಸ್ಟೀಲ್ ಜೊತೆ ಕೈಜೋಡಿಸಿದೆ. ಆಗಲಿ, ಒಳ್ಳೆಯದೇ. ಆದರೂ ಗಾಸ್‌ನ ಪೇಟೆಂಟಿಗೆ 90 ವರ್ಷ ಆದಮೇಲೂ ನಾವು ತಂತ್ರಜ್ಞಾನಕ್ಕಾಗಿ ಜಪಾನಿನ ಕದ ತಟ್ಟಬೇಕಾಗಿದೆ.

ಅಯಸ್ಕಾಂತದ ಮಾತು ಇನ್ನೂ ಕಷ್ಟದ್ದು. 2025ರ ಏಪ್ರಿಲ್ 4ರಂದು ಚೀನಾ ಸಮೇರಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ ಸೇರಿ ಏಳು ವಿರಳ ಲೋಹಗಳ ಮೇಲೂ ಅವುಗಳ ಅಯಸ್ಕಾಂತಗಳ ಮೇಲೂ ರಫ್ತು ಪರವಾನಗಿಯ ಬಿಗಿ ಹಾಕಿತು. ಜಗತ್ತಿನ ಇಂಥ ಅಯಸ್ಕಾಂತಗಳಲ್ಲಿ ನೂರಕ್ಕೆ 90ರಷ್ಟು ಅಲ್ಲೇ ತಯಾರಾಗುತ್ತವೆ. ಕೆಲವೇ ತಿಂಗಳಲ್ಲಿ ನಮ್ಮ ಎಲೆಕ್ಟ್ರಿಕ್ ಸ್ಕೂಟರಿನವರು ಉತ್ಪಾದನೆ ತಗ್ಗಿಸುವ ಹಾಗಾಯಿತು. ಕೇರಳ, ಒಡಿಶಾ, ತಮಿಳುನಾಡಿನ ಕಡಲ ಮರಳಿನಲ್ಲಿ ವಿರಳ ಲೋಹಗಳಿವೆ; ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಲೆಕ್ಕದಲ್ಲಿ ಭಾರತದ ನಿಕ್ಷೇಪ 69 ಲಕ್ಷ ಟನ್, ಜಗತ್ತಿನಲ್ಲಿ ಮೂರನೆಯದು. 2023ರ ಮೇ 11ರಂದು ವಿಶಾಖಪಟ್ಟಣದಲ್ಲಿ ದೇಶಕ್ಕೆ ಅರ್ಪಿಸಿದ ಸಮೇರಿಯಂ–ಕೋಬಾಲ್ಟ್ ಅಯಸ್ಕಾಂತದ ಸರ್ಕಾರಿ ಘಟಕದ ಸಾಮರ್ಥ್ಯ ವರ್ಷಕ್ಕೆ 3,000 ಕಿಲೋ ಮಾತ್ರ. 2025ರ ನವೆಂಬರ್ 26ರಂದು ಕೇಂದ್ರ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ ಸಾಮರ್ಥ್ಯ ಕಟ್ಟಲು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಅದಿರು ಇದ್ದ ಮಾತ್ರಕ್ಕೆ ಅಯಸ್ಕಾಂತ ಬಾರದು ಎಂಬುದನ್ನು ಕರಣಕೋಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಣ್ಣಕಲ್ಲು ಅಲ್ಲಿ ಕೋಟ್ಯಂತರ ವರ್ಷದಿಂದ ಇತ್ತು. ಅದನ್ನು ಒಡೆದು, ಅರೆದು, ಹದವಾಗಿ ಸುಡುವ ವಿದ್ಯೆ ಬಂದ ಮೇಲಷ್ಟೇ ಸಿಮೆಂಟಾಯಿತು. ನಿಯೊಡೈಮಿಯಂ ಅಯಸ್ಕಾಂತದ ಹಂತಗಳೂ ಮೇಲ್ನೋಟಕ್ಕೆ ಅವೇ. ಮಿಶ್ರಲೋಹವನ್ನು ಎರಕ ಹೊಯ್ದು, ಜಲಜನಕ ಉಣಿಸಿ ಬಿರುಕುಬಿಡಿಸಿ, ಮೂರರಿಂದ ಐದು ಮೈಕ್ರಾನಿನ ಪುಡಿ ಮಾಡುತ್ತಾರೆ. ಸಿಮೆಂಟಿಗಿಂತ ಎಷ್ಟೋ ನುಣ್ಣನೆಯ ಈ ಪುಡಿ ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಆಮ್ಲಜನಕ ಸೋಕದಂತೆ ಕಾಯಬೇಕು. ಕಾಂತಕ್ಷೇತ್ರದಲ್ಲಿಟ್ಟು ಒತ್ತಿ, ಕಣಗಳ ದಿಕ್ಕು ಒಂದಾದ ಮೇಲೆ 1,000 ಡಿಗ್ರಿಗೂ ಮೇಲ್ಪಟ್ಟ ಕುಲುಮೆಯಲ್ಲಿ ಬೇಯಿಸುತ್ತಾರೆ. ಎಲ್ಲೋ ಒಂದು ಕಡೆ ಹದ ತಪ್ಪಿದರೆ ಕೈಗೆ ಬರುವುದು ಬೆಲೆಬಾಳುವ ಕಲ್ಲುಚೂರು. ಈ ಹದ ಪೇಟೆಂಟಿನ ಕಾಗದದಲ್ಲಿ ಸಿಗುವುದು ಅರ್ಧ. ಉಳಿದರ್ಧ ಕೈಯಿಂದ ಕೈಗೆ ಬರಬೇಕು.

ನಾಲ್ಕು ಕಾಯಿಲಿನ ಚೌಕಟ್ಟು

ಈ ವಿದ್ಯೆಯಲ್ಲಿ ಬದುಕು ಕಟ್ಟಿಕೊಳ್ಳುವವರ ದಿನ ಹೇಗಿರುತ್ತದೆ? ಹಾದಿ ಗೊತ್ತಿರುವುದೇ: ಬಿ.ಇ., ಗೇಟ್ ಪರೀಕ್ಷೆ, ಎರಡು ವರ್ಷದ ಎಂ.ಟೆಕ್., ನಾಲ್ಕೈದು ವರ್ಷದ ಪಿಎಚ್‌.ಡಿ., ಆಮೇಲೆ ಪಾಠ ಮತ್ತು ಮಾರ್ಗದರ್ಶನ. ಕಂಪ್ಯೂಟರಿನಲ್ಲಿ ಯಂತ್ರವನ್ನು ಲಕ್ಷಾಂತರ ಸಣ್ಣ ತುಂಡುಗಳಾಗಿ ಒಡೆದು ಕಾಂತಕ್ಷೇತ್ರ ಲೆಕ್ಕ ಹಾಕುವುದು ಕೆಲಸದ ಒಂದು ಪಾಲು. ಇನ್ನೊಂದು ಪಾಲು ಎಪ್‌ಸ್ಟೈನ್ ಫ್ರೇಮ್ ಎಂಬ ಸಾದಾ ಕಾಣುವ ಉಪಕರಣದ ಮುಂದೆ ಕಳೆಯುತ್ತದೆ.

ಚೌಕಾಕಾರದಲ್ಲಿ ಜೋಡಿಸಿದ ನಾಲ್ಕು ಕಾಯಿಲುಗಳು ಈ ಫ್ರೇಮು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಟ್ಟು 700 ಸುತ್ತು. ಪರೀಕ್ಷೆಗೆ ಬಂದ ಉಕ್ಕಿನಿಂದ 30 ಮಿಲಿಮೀಟರ್ ಅಗಲದ, ಒಂದಡಿಗೆ ಸ್ವಲ್ಪ ಕಮ್ಮಿ ಉದ್ದದ ಪಟ್ಟಿಗಳನ್ನು ಕತ್ತರಿಸಬೇಕು. ಮೋಟಾರಿನ ಉಕ್ಕಾದರೆ ಅರ್ಧ ಪಟ್ಟಿಗಳು ರೋಲಿಂಗ್ ಆದ ದಿಕ್ಕಿನಲ್ಲಿ, ಉಳಿದರ್ಧ ಅಡ್ಡಲಾಗಿ. ಅವನ್ನು ತೂಗಿ, ಮೂಲೆಗಳಲ್ಲಿ ಒಂದರ ಮೇಲೊಂದು ಕೂರುವಂತೆ ಕಾಯಿಲಿನೊಳಗೆ ತೂರಿಸಿ, 50 ಸೈಕಲ್ಲಿನ ಕರೆಂಟ್ ಕೊಟ್ಟು, ಕಾಂತಸಾಂದ್ರತೆ 1.5 ಟೆಸ್ಲಾ ಮುಟ್ಟಿದಾಗ ವ್ಯಾಟ್‌ಮೀಟರ್ ಓದಬೇಕು. ಎಂ470–50ಎ ಎಂಬ ದರ್ಜೆಯ ಗುಟ್ಟು ಇಷ್ಟೇ: ಅರ್ಧ ಮಿಲಿಮೀಟರ್ ದಪ್ಪ, ಕಿಲೋಗೆ ಹೆಚ್ಚೆಂದರೆ 4.7 ವ್ಯಾಟ್ ನಷ್ಟ. ಕಿಲೋಗೆ 8 ವ್ಯಾಟಿನ ಉಕ್ಕಿನ ಬದಲು 4 ವ್ಯಾಟಿನದು ಹಾಕಿದರೆ 100 ಕಿಲೋ ಕೋರಿನ ಮೋಟಾರಿನಲ್ಲಿ 400 ವ್ಯಾಟ್ ಉಳಿಯಿತು. ವರ್ಷಕ್ಕೆ 8,000 ಗಂಟೆ ಓಡಿದರೆ 3,200 ಯೂನಿಟ್.

ಲೆಕ್ಕ ಇಷ್ಟು ಸಲೀಸಾಗಿದ್ದರೆ ಸಂಶೋಧಕರಿಗೆ ಕೆಲಸವೇ ಇರುತ್ತಿರಲಿಲ್ಲ. ಫ್ರೇಮಿನಲ್ಲಿ ಅಳೆದ ನಷ್ಟಕ್ಕೂ ಅದೇ ಉಕ್ಕಿನಿಂದ ಮಾಡಿದ ಮೋಟಾರಿನ ನಷ್ಟಕ್ಕೂ ತಾಳೆಯಾಗುವುದಿಲ್ಲ. ಮೋಟಾರಿನದು ಒಂದೂವರೆ, ಕೆಲವೊಮ್ಮೆ ಎರಡು ಪಟ್ಟು ಇರುತ್ತದೆ. ತಗಡನ್ನು ಡೈ ಒತ್ತಿ ಕತ್ತರಿಸುವಾಗ ಅಂಚಿನ ಕೆಲವು ಮಿಲಿಮೀಟರಿನಲ್ಲಿ ಕಣಗಳು ನುಜ್ಜಾಗುತ್ತವೆ. ಕೋರನ್ನು ಬಾಡಿಯೊಳಗೆ ಬಿಗಿಯಾಗಿ ಕೂರಿಸಿದಾಗ ಒತ್ತಡ ಬೀಳುತ್ತದೆ. ಕ್ಷೇತ್ರ ಹಿಂದೆ ಮುಂದೆ ಹೋಗುವುದರ ಜೊತೆಗೆ ಕೆಲವು ಕಡೆ ಸುತ್ತುತ್ತದೆ ಕೂಡ. ಇನ್ವರ್ಟರಿನಿಂದ ಬರುವ ಕರೆಂಟಿನ ಅಲೆ ನಯವಾಗಿರುವುದಿಲ್ಲ. ಇದರಲ್ಲಿ ಯಾವುದರ ಪಾಲು ಎಷ್ಟು? ಸ್ಟೈನ್‌ಮೆಟ್ಸ್ ಸೂತ್ರ ಬಂದು 130 ವರ್ಷ ದಾಟಿದರೂ ಈ ಪ್ರಶ್ನೆಗೆ ಪೂರ್ತಿ ಉತ್ತರವಿಲ್ಲ. ಎಲೆಕ್ಟ್ರಿಕಲ್ ವಿಭಾಗದವರಿಗೆ ಲೋಹ ಅಷ್ಟಾಗಿ ಗೊತ್ತಿಲ್ಲ, ಮೆಟಲರ್ಜಿಯವರಿಗೆ ಯಂತ್ರದ ಪರಿಚಯ ಕಮ್ಮಿ. ಎರಡೂ ವಿಭಾಗಗಳ ನಡುವೆ ಓಡಾಡುವವರು ಬೇಕು. ಅಂಥವರು ನಮ್ಮಲ್ಲಿ ವಿರಳ.

ವಿರಳ ಲೋಹಗಳನ್ನು ಬಿಟ್ಟು ಮೋಟಾರು ಮಾಡುವ ದಾರಿಗಳೂ ಇಂಥವರನ್ನೇ ಕಾಯುತ್ತಿವೆ. ಅಗ್ಗದ ಫೆರೈಟ್ ಬಳಸಿ ರಿಲಕ್ಟೆನ್ಸ್ ಮೋಟಾರು ಮಾಡಬಹುದು, ಅಯಸ್ಕಾಂತವೇ ಇಲ್ಲದ ಸ್ವಿಚ್ಡ್ ರಿಲಕ್ಟೆನ್ಸ್ ಮೋಟಾರನ್ನೂ ಮಾಡಬಹುದು. ಬೆಂಗಳೂರಿನ ಚಾರಾ ಟೆಕ್ನಾಲಜೀಸ್‌ನಂಥ ಹೊಸ ಕಂಪನಿಗಳು ಈ ಕೆಲಸದಲ್ಲಿವೆ. ಅಯಸ್ಕಾಂತದ ಬಲ ಇಲ್ಲದ ಮೇಲೆ ಪೂರ್ತಿ ಭಾರ ಬೀಳುವುದು ಉಕ್ಕಿನ ಗುಣ ಮತ್ತು ತಗಡಿನ ಆಕಾರದ ಮೇಲೆ.

ಗಡಿಯ ಕಾಲೇಜುಗಳಿಗೆ

7,280 ಕೋಟಿ ರೂಪಾಯಿಗೆ ಕುಲುಮೆ ಬರುತ್ತದೆ, ಮಿಲ್ಲು ಬರುತ್ತದೆ. ಅದನ್ನು ಬಲ್ಲ ಕೈಗಳನ್ನು ಟೆಂಡರ್ ಕರೆದು ತರಿಸಲಾಗದು. ಹೊಂಡಾನ ಕೆಎಸ್ ಉಕ್ಕು ಯುದ್ಧದ ತುರ್ತಿನಲ್ಲಿ ಬಂದದ್ದು ನಿಜ; ಆದರೆ ಯುದ್ಧ ಬಂದಾಗ ಹೊಂಡಾ ಸಿದ್ಧನಿದ್ದ, ಅವನ ಹಿಂದೆ 40 ವರ್ಷದ ಪಾಠವಿತ್ತು. ನಮ್ಮಲ್ಲಿ ಕಂಪನಿ ಬಂದು ಹೋಗುತ್ತದೆ, ಯೋಜನೆ ಬಂದು ಹೋಗುತ್ತದೆ. ಪ್ರಾಧ್ಯಾಪಕರು ನಿವೃತ್ತರಾದರೆ ಅವರ ಲ್ಯಾಬಿಗೆ ಬೀಗ ಬೀಳುತ್ತದೆ. ಶಿಷ್ಯರಿಗೆ ದಾಟದ ಸಂಶೋಧನೆ ಎಷ್ಟೇ ಒಳ್ಳೆಯದಿದ್ದರೂ ಅರ್ಧ ಕೆಲಸವೇ.

ಆರಂಭಕ್ಕೆ ಬೆಂಗಳೂರೇ ಆಗಬೇಕೆಂದಿಲ್ಲ. ಕಲಬುರಗಿಯಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜಿದೆ, ಬೀದರಿನಲ್ಲಿ ಗುರುನಾನಕ್ ದೇವ್ ಕಾಲೇಜಿದೆ. ಪೂರ್ವಕ್ಕೆ ಹೋದರೆ ಹೈದರಾಬಾದಿನಲ್ಲಿ ರಕ್ಷಣಾ ಲೋಹಶೋಧನಾ ಪ್ರಯೋಗಾಲಯ, ಎಆರ್‌ಸಿಐ, ಎನ್‌ಎಫ್‌ಟಿಡಿಸಿ, ಮಿಧಾನಿ ಎಂಬ ಲೋಹ ಸಂಸ್ಥೆಗಳಿವೆ. ಕಾಂತೀಯ ಲೋಹಗಳ ಮೇಲೆ ದೇಶದಲ್ಲಿ ನಡೆದಿರುವ ಕೆಲಸದ ದೊಡ್ಡ ಪಾಲು ಅಲ್ಲಿಯದು. ನಡುವೆ ತಾಂಡೂರು, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಸಾವಿರಾರು ಮೋಟಾರುಗಳು ಹಗಲಿರುಳು ತಿರುಗುತ್ತಿವೆ. ಪ್ರಶ್ನೆಗಳಿಗೆ ಬರವಿಲ್ಲದ ಸೀಮೆ ಇದು.

ಈ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ. ಮೆಷಿನ್ಸ್ ಲ್ಯಾಬಿನ ಮೂಲೆಯಲ್ಲಿ ಒಂದು ಎಪ್‌ಸ್ಟೈನ್ ಫ್ರೇಮ್ ಕಟ್ಟಿಸಿ. ಕಾಯಿಲ್ ಸುತ್ತಬಲ್ಲ ಹುಡುಗರು ಪೇಟೆಯ ಯಾವ ವೈಂಡಿಂಗ್ ಅಂಗಡಿಯಲ್ಲಾದರೂ ಸಿಗುತ್ತಾರೆ. ಬೆಂಕಿಗೆ ಹಿಡಿದ ಸ್ಟಾಂಪಿಂಗನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಕೊನೆಯ ವರ್ಷದವರಿಂದ ಅಳೆಸಿ, ಬಂದ ಅಂಕಿಯನ್ನು ಅಂಗಡಿಯವರಿಗೂ ಮೋಟಾರಿನ ಮಾಲೀಕರಿಗೂ ಕನ್ನಡದಲ್ಲೋ ತೆಲುಗಿನಲ್ಲೋ ತಿಳಿಹೇಳಿ. ಮೆಟಲರ್ಜಿ ಬಲ್ಲ ಒಬ್ಬರನ್ನು ವರ್ಷಕ್ಕೆ ಒಮ್ಮೆಯಾದರೂ ಹೈದರಾಬಾದಿನಿಂದ ಕರೆಸಿ. ಇನ್ನು ಓದುತ್ತಿರುವವರಿಗೆ ಒಂದು ಮಾತು: ಮೆಷಿನ್ಸ್ ಪುಸ್ತಕದ ಮೊದಲ ಅಧ್ಯಾಯದಲ್ಲಿ ಬರುವ ಹಿಸ್ಟರಿಸಿಸ್ ತೋರಿಸುವ ಬಿ–ಎಚ್ ಕರ್ವನ್ನು ಎರಡು ಅಂಕದ ಪ್ರಶ್ನೆಯೆಂದು ದಾಟಿಹೋಗಬೇಡಿ. ದೇಶಕ್ಕೆ ಮುಂದಿನ ಮೂವತ್ತು ವರ್ಷ ಬೇಕಾಗುವ ಕೆಲಸ ಅದರೊಳಗಿದೆ, ಮಾಡುವವರು ಇನ್ನೂ ಸಾಕಷ್ಟಿಲ್ಲ.